ವಾಟರ್ ವಾಶ್ ಆದಮೇಲೆ ಗಾಡಿ ಮಿಸ್ಸಿಂಗ್ ಹೊಡೆದರೆ

ಆಯುಧಪೂಜೆಯ ಹಿಂದಿನ ದಿನ ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿ ಪಕ್ಕದ ಯಾವುದಾದರೂ ಸರ್ವಿಸ್ ಸ್ಟೇಷನ್ ಮುಂದೆ ಒಂದು ಗಂಟೆ ನಿಂತು ನೋಡಿ. ಟೊಮೆಟೊ ಮಂಡಿಯ ಪಿಕಪ್ಪು, ಮಾಲೂರಿನ ಇಟ್ಟಿಗೆ ಹೊತ್ತು ಕೆಂಪಾದ ಲಾರಿ, ಶ್ರೀನಿವಾಸಪುರದ ಮಾವಿನ ತೋಪಲ್ಲಿ ಓಡಾಡಿದ ಟ್ರ್ಯಾಕ್ಟರು, ನಮ್ಮ ನಿಮ್ಮ ಮನೆಯ ಕಾರು, ಎಲ್ಲವೂ ಒಂದೇ ಸಾಲಲ್ಲಿ. ವರ್ಷವಿಡೀ ಕೂತ ಧೂಳನ್ನ ಒಂದೇ ಸಂಜೆಯಲ್ಲಿ ಇಳಿಸುವ ಅವಸರ. ಗನ್ ಹಿಡಿದ ಹುಡುಗ "ಅಣ್ಣ, ಇಂಜಿನ್ನಿಗೂ ಹೊಡೀಲಾ?" ಅಂತ ಕೇಳ್ತಾನೆ. "ಹೊಡಿಯಪ್ಪ, ಪೂಜೆ ಅಲ್ವಾ" ಅಂತೀವಿ. ಬಾನೆಟ್ ಏಳುತ್ತೆ.

ಹೋದ ವರ್ಷ ನಮ್ಮ ಚಿಕ್ಕಪ್ಪನೂ ಹಾಗೇ ಅಂದರು. ಅವರದು ಎಂಟು ವರ್ಷದ ಪೆಟ್ರೋಲ್ ಕಾರು, ಯೆಲ್ಲೋ ಬೋರ್ಡು. ಮನೆ ನಡೆಯೋದು ಅದರಿಂದಲೇ. ಕೋಲಾರದಲ್ಲಿ ತೊಳೆಸಿ ಸ್ಟಾರ್ಟ್ ಮಾಡಿದರೆ ಗಾಡಿ ಗಡಗಡ ನಡುಗೋಕೆ ಶುರುವಾಯಿತು. ಮೀಟರಿನಲ್ಲಿ ಚೆಕ್ ಇಂಜಿನ್ ಲೈಟು ಮಿಣಮಿಣ ಅಂತಿತ್ತು. ಬೆಳಗ್ಗೆ ಪೂಜೆ, ಅದರ ಮಾರನೇ ದಿನ ತಿರುಪತಿ ಬಾಡಿಗೆ. "ಓಡ್ತಾ ಓಡ್ತಾ ಒಣಗುತ್ತೆ ಬಿಡು" ಅಂದುಕೊಂಡು ಆ ಲೈಟು ಮಿಣುಕುತ್ತಿರುವಾಗಲೇ ಮುಳಬಾಗಿಲಿನ ತನಕ, ಸುಮಾರು 30 ಕಿಲೋಮೀಟರ್, ಓಡಿಸಿಕೊಂಡು ಬಂದರು. ಊರಲ್ಲಿ ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ "ಇಸಿಎಂ ಹೋಗಿದೆ, 28 ಸಾವಿರ ಆಗುತ್ತೆ" ಅಂದರು.

ಪೂಜೆ ದಿನ ನಮ್ಮ ಬೀದಿಯ ಹಳೇ ಮೇಸ್ತ್ರಿಯನ್ನ ಕರೆದೆವು. "ಪೂಜೆಗಿಟ್ಟ ಸ್ಪ್ಯಾನರ್ ಇವತ್ತು ಎತ್ತಲ್ಲ" ಅಂತ ಮೊದಲೇ ಹೇಳಿಬಿಟ್ಟರು. ಕೊನೆಗೆ ನಮ್ಮ ಮನೆಯ 10 ನಂಬರ್ ಸ್ಪ್ಯಾನರ್ ಹಿಡಿದು ಇಗ್ನಿಷನ್ ಕಾಯಿಲ್‌ಗಳನ್ನ ಒಂದೊಂದಾಗಿ ಮೇಲೆತ್ತಿದರು. ಮೂರನೇ ಸ್ಪಾರ್ಕ್ ಪ್ಲಗ್ಗಿನ ಗುಂಡಿಯಲ್ಲಿ ಒಂದು ಚಮಚ ನೀರು ನಿಂತಿತ್ತು. ಸಿರಿಂಜ್‌ನಲ್ಲಿ ಎಳೆದು, ಬಟ್ಟೆ ಸುತ್ತಿ ಒರೆಸಿ, ಒಂದು ಗಂಟೆ ಬಿಸಿಲಿಗೆ ಬಿಟ್ಟು ಮತ್ತೆ ಹಾಕಿದರು. ಗಾಡಿ ಗಡಿಯಾರದ ಹಾಗೆ ನಿಂತಿತು. ಬಿಲ್ಲು: ಒಂದು ಪೊಟ್ಟಣ ಕಡ್ಲೆಪುರಿ.

ಕಥೆ ಅಲ್ಲಿಗೇ ಮುಗಿದಿದ್ದರೆ ಈ ಲೇಖನ ಬರೀತಿರಲಿಲ್ಲ. ಎರಡು ತಿಂಗಳಲ್ಲಿ ಗಾಡಿಗೆ ಪಿಕಪ್ ಹೋಯಿತು. ಸೈಲೆನ್ಸರ್ ಲೈನಿನ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೇ ಪುಡಿಯಾಗಿತ್ತು. ಅದನ್ನ ಬದಲಾಯಿಸೋಕೆ ಎರಡು ತಿಂಗಳ ಇಎಂಐ ದುಡ್ಡು ಹೋಯಿತು. ಒಂದು ಚಮಚ ನೀರಿನಿಂದ ಆದ ನಷ್ಟ ಸೊನ್ನೆ. ಆಮೇಲೆ ಓಡಿಸಿದ ಆ 30 ಕಿಲೋಮೀಟರಿನದ್ದೇ ಪೂರ್ತಿ ನಷ್ಟ. ಇಂಜಿನ್ ತೊಳೆದಾದ ಮೇಲೆ ಬರುವ ತೊಂದರೆಗಳಲ್ಲಿ ಬಹುಪಾಲು ಹೀಗೇ. ಪಾರ್ಟ್ ಕೆಟ್ಟಿರಲ್ಲ, ನೀರು ಕೂರಬಾರದ ಕಡೆ ಕೂತಿರುತ್ತೆ. ಅದನ್ನ ಅಲ್ಲಿಂದ ಎಬ್ಬಿಸುವ ತನಕ ನಾವು ಏನು ಮಾಡ್ತೀವಿ, ಏನು ಮಾಡಲ್ಲ ಅನ್ನೋದರ ಮೇಲೆ ಖರ್ಚು ನಿಂತಿದೆ.

ಮೊದಲು ಲೈಟ್ ನೋಡಿ

ಚೆಕ್ ಇಂಜಿನ್ ಲೈಟಿಗೆ ಎರಡು ಭಾಷೆ ಇದೆ. ಸುಮ್ಮನೆ ಉರಿಯುತ್ತಿದ್ದರೆ "ಏನೋ ಸರಿ ಇಲ್ಲ, ಬೇಗ ತೋರಿಸು" ಅಂತ ಅರ್ಥ. ಮಿಣುಕುತ್ತಿದ್ದರೆ "ಈಗಲೇ ನಿಲ್ಲಿಸು" ಅಂತ.

ಯಾಕೆ? ಒಂದು ಸಿಲಿಂಡರಿನಲ್ಲಿ ಸ್ಪಾರ್ಕ್ ಬರದಿದ್ದರೂ ಇಂಜೆಕ್ಟರ್ ಪೆಟ್ರೋಲ್ ಬಿಡ್ತಾನೇ ಇರುತ್ತೆ. ಆ ಪೆಟ್ರೋಲು, ಗಾಳಿ ಎರಡೂ ಸುಡದೆ ಸೈಲೆನ್ಸರಿಗೆ ಹೋಗುತ್ತವೆ. ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಅದು ಸಾಮಾನ್ಯವಾಗಿ 400ರಿಂದ 800 ಡಿಗ್ರಿ ಬಿಸಿಯಲ್ಲಿ ಕೆಲಸ ಮಾಡುವ ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ. ಸಿಲಿಂಡರಿನೊಳಗೆ ಆಗಬೇಕಿದ್ದ ದಹನ ಇದರೊಳಗೆ ಆಗುತ್ತೆ. ಬಿಸಿ ಮಿತಿ ಮೀರುತ್ತೆ, ಮೇಲೆ ಲೇಪಿಸಿರುವ ಪ್ಲಾಟಿನಂ, ಪಲ್ಲಾಡಿಯಂ ಕಣಗಳು ಒಂದಕ್ಕೊಂದು ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತವೆ, ಇಟ್ಟಿಗೆಯೇ ಬಿರಿಯುತ್ತೆ ಇಲ್ಲವೇ ಕರಗುತ್ತೆ.

ಹಾಗಾಗಿ ಲೈಟು ಮಿಣುಕಿದರೆ ಗಾಡಿಯನ್ನ ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಬಾನೆಟ್ ತೆಗೆದಿಡಿ. ಲೈಟು ಸುಮ್ಮನೆ ಉರಿಯುತ್ತಿದ್ದು, ನಡುಕ ಕಡಿಮೆ ಇದ್ದರೆ ಐದು ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟು ನೋಡಬಹುದು. ಮೇಲ್ಮೈ ನೀರು ಇಂಜಿನ್ ಬಿಸಿಗೆ ಆವಿಯಾಗಿ ಹೋಗುತ್ತೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲಿಂದ ಬಿಳಿ ಆವಿ ಎದ್ದರೆ ಗಾಬರಿ ಬೇಡ. ಸುಟ್ಟ ಪ್ಲಾಸ್ಟಿಕ್ಕಿನ ಅಥವಾ ಪೆಟ್ರೋಲಿನ ವಾಸನೆ ಬಂದರೆ ಮಾತ್ರ ಕೂಡಲೇ ಆಫ್ ಮಾಡಿ.

ಸ್ಟಾರ್ಟೇ ಆಗದಿದ್ದರೆ ಸೆಲ್ಫ್ ಹೊಡೀತಾನೇ ಇರಬೇಡಿ. ಒಂದು ಸಲಕ್ಕೆ ಐದು ಸೆಕೆಂಡ್, ನಡುವೆ ಅರ್ಧ ನಿಮಿಷ ಬಿಡುವು, ಮೂರು ಸಲ ಸಾಕು. ಜಾಸ್ತಿ ಹೊಡೆದರೆ ಬ್ಯಾಟರಿ ಇಳಿಯುತ್ತೆ, ಪ್ಲಗ್ಗುಗಳು ಪೆಟ್ರೋಲಿನಲ್ಲಿ ನೆನೆದು ಹೋಗುತ್ತವೆ. ಆಗ ಒಂದು ತೊಂದರೆ ಇದ್ದದ್ದು ಮೂರಾಗುತ್ತೆ.

ಬೋರ್‌ವೆಲ್ ನೀರಿನ ಲೆಕ್ಕ

ಈಗ ಒಂದು ಪ್ರಶ್ನೆ. ಹೆಡ್‌ಲೈಟು, ಹಾರನ್ನು, ವೈಪರ್ರು ಎಲ್ಲ ಒದ್ದೆಯಾಗಿದ್ದರೂ ಕೆಲಸ ಮಾಡುತ್ತವೆ. ಸ್ಪಾರ್ಕ್ ಮಾತ್ರ ಯಾಕೆ ಸಾಯುತ್ತೆ? ಅದೂ ಒಂದು ಚಮಚ ನೀರಿಗೆ?

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಸರ್ವಿಸ್ ಸ್ಟೇಷನ್ನಿನ ಗನ್ನಿಗೆ ಬರೋದು ಆಳದ ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ, ನಲ್ಲಿ ಬಾಯಿಗೆ ಕಟ್ಟುವ ಬಿಳಿ ಪೊರೆ ನೋಡಿದ್ದೀರಲ್ಲ, ಅದೇ ಗಡಸು ನೀರು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 2000ದ ತನಕ ನಡೆಯುತ್ತೆ ಅಂತ ಭಾರತೀಯ ಮಾನಕ ಹೇಳುತ್ತೆ. ನಮ್ಮ ಲೆಕ್ಕಕ್ಕೆ ನಡುವಿನ ಒಂದು ಅಂಕಿ, 1000 ಮಿಲಿಗ್ರಾಂ, ಇಟ್ಟುಕೊಳ್ಳೋಣ. ಅಂಥ ನೀರಿನ ವಾಹಕತೆ ಸೆಂಟಿಮೀಟರಿಗೆ ಸುಮಾರು 1500 ಮೈಕ್ರೋಸೀಮೆನ್ಸ್. ಡಿಸ್ಟಿಲ್ಡ್ ವಾಟರಿನದು ಗಾಳಿಗೆ ತೆರೆದಿಟ್ಟರೂ 1ರ ಆಸುಪಾಸು.

ಕಾಯಿಲ್‌ನಿಂದ ಲೋಹದ ಹೆಡ್‌ವರೆಗೆ 5 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪದ ನೀರಿನ ಪಟ್ಟಿ ಅಂಟಿದೆ ಅನ್ನಿ. ಉದ್ದವನ್ನ ವಾಹಕತೆ ಮತ್ತು ಅಡ್ಡಕೊಯ್ತದ ಗುಣಲಬ್ಧದಿಂದ ಭಾಗಿಸಿದರೆ ರೆಸಿಸ್ಟೆನ್ಸ್ ಸುಮಾರು 33 ಸಾವಿರ ಓಮ್ ಬರುತ್ತೆ. 12 ವೋಲ್ಟಿನ ಹಾರನ್ನಿಗೆ ಇದು ಲೆಕ್ಕಕ್ಕೇ ಇಲ್ಲ, ಸೋರೋದು ಅರ್ಧ ಮಿಲಿಆಂಪಿಗಿಂತ ಕಡಿಮೆ. ಆದರೆ ಸ್ಪಾರ್ಕ್ ಹಾರಬೇಕಾದರೆ ಪ್ಲಗ್ಗಿನ ತುದಿಗೆ 10ರಿಂದ 20 ಸಾವಿರ ವೋಲ್ಟ್ ಬೇಕು. 20 ಸಾವಿರ ವೋಲ್ಟನ್ನ 33 ಸಾವಿರ ಓಮ್ ಮೇಲೆ ನಿಲ್ಲಿಸಬೇಕೆಂದರೆ 600 ಮಿಲಿಆಂಪ್ ಬೇಕು. ಕಾಯಿಲ್ ಕೊಡೋದು ಹೆಚ್ಚೆಂದರೆ 100 ಮಿಲಿಆಂಪಿನ ಆಸುಪಾಸು. ಅಂದರೆ ವೋಲ್ಟೇಜು 3300ರ ಹತ್ತಿರವೇ ಕುಸಿದು ಕೂರುತ್ತೆ. ಪ್ಲಗ್ಗಿನ ತುದಿಯಲ್ಲಿ ಏನೂ ಆಗಲ್ಲ. ಕರೆಂಟಿಗೆ ಗಾಳಿ ಸೀಳೋದಕ್ಕಿಂತ ನೀರಲ್ಲಿ ಜಾರೋದು ಸುಲಭ.

ಇದೇ ಪಟ್ಟಿ ಡಿಸ್ಟಿಲ್ಡ್ ವಾಟರಿನದಾಗಿದ್ದರೆ ರೆಸಿಸ್ಟೆನ್ಸ್ 5 ಕೋಟಿ ಓಮ್. ಸ್ಪಾರ್ಕ್ ಆರಾಮಾಗಿ ಹಾರುತ್ತಿತ್ತು. ಗಡಸು ನೀರು ಆರಿದ ಮೇಲೂ ಲವಣದ ಪೊರೆ ಅಲ್ಲೇ ಉಳಿಯುತ್ತೆ, ಮುಂದಿನ ಮಳೆಯ ತೇವಕ್ಕೆ ಮತ್ತೆ ಜೀವ ಪಡೆಯುತ್ತೆ. "ವಾಶ್ ಮಾಡಿ ತಿಂಗಳಾಯಿತು, ಈಗ ಬೆಳಗಿನ ಮಂಜಿಗೆ ಮಿಸ್ಸಿಂಗ್" ಅನ್ನೋದಕ್ಕೆ ಇದೂ ಒಂದು ಕಾರಣ. ಅದಕ್ಕೇ ಪ್ಲಗ್ ಗುಂಡಿಯನ್ನ ಒಣಗಿಸಿದರೆ ಸಾಲದು, ಒರೆಸಬೇಕು.

ಬಿಸಿ ಇಂಜಿನ್ ನೀರು ಕುಡಿಯುತ್ತೆ

"ಕಪ್ಲರ್‌ಗಳೆಲ್ಲ ವಾಟರ್‌ಪ್ರೂಫ್ ಅಲ್ವಾ?" ಅಂತ ಯಾರಾದರೂ ಕೇಳೇ ಕೇಳ್ತಾರೆ. ಹೌದು, ಇಂಜಿನ್ ಭಾಗದ ಕಪ್ಲರ್‌ಗಳಲ್ಲಿ ಬಹಳಷ್ಟಕ್ಕೆ ರಬ್ಬರ್ ಸೀಲ್ ಇರುತ್ತೆ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿದರೂ ತೊಂದರೆಯಾಗುವಷ್ಟು ನೀರು ಒಳಗೆ ಬರಬಾರದು. ಆದರೆ ಆ ಪರೀಕ್ಷೆಯನ್ನ ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿದು ಮಾಡಿರಲ್ಲ.

ಓಡಿ ಬಂದ ಇಂಜಿನ್ನಿನ ಕಪ್ಲರ್ ಒಳಗಿನ ಗಾಳಿ 80 ಡಿಗ್ರಿ ಇದೆ ಅನ್ನಿ, ಅಂದರೆ 353 ಕೆಲ್ವಿನ್. ನೀರು ಬಿದ್ದು ಅದು 30 ಡಿಗ್ರಿಗೆ, ಅಂದರೆ 303 ಕೆಲ್ವಿನ್‌ಗೆ ಇಳಿಯಿತು. ಗಾತ್ರ ಬದಲಾಗದಿದ್ದರೆ ಒತ್ತಡ ಶೇಕಡ 14ರಷ್ಟು ಇಳಿಯಬೇಕು. ನಮ್ಮೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ಗಾಳಿಯ ಒತ್ತಡ ಸುಮಾರು 92 ಕಿಲೋಪಾಸ್ಕಲ್. ಅದರಲ್ಲಿ ಶೇಕಡ 14 ಅಂದರೆ 13 ಕಿಲೋಪಾಸ್ಕಲ್. ಇದು 1.3 ಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಐಪಿ67ರ ಒಂದು ಮೀಟರನ್ನ ದಾಟಿಯಾಯಿತು. ಕಪ್ಲರ್ ಸ್ಟ್ರಾ ಹಾಕಿದ ಹಾಗೆ ಸೀಲಿನ ಅಂಚಿನಿಂದ ನೀರು ಎಳೆದುಕೊಳ್ಳುತ್ತೆ. ಎಂಟು ವರ್ಷ ಬಿಸಿ ತಿಂದು ಗಟ್ಟಿಯಾದ ಸೀಲಾದರೆ ಇನ್ನೂ ಸುಲಭ. ಇದರ ಮೇಲೆ ಗನ್ನಿನ ಹೊಡೆತ ಬೇರೆ.

ಹಾಗಾಗಿ ಇಂಜಿನ್ ಆರಿದ ಮೇಲೇ ತೊಳೆಯಬೇಕು ಅನ್ನೋದು ಬರೀ ಲೋಹ ಬಿರಿಯುತ್ತೆ ಅನ್ನೋ ಭಯಕ್ಕೆ ಅಲ್ಲ. ಬಿಸಿ ಆಕ್ಸಿಜನ್ ಸೆನ್ಸಾರಿನೊಳಗಿನ ಸೆರಾಮಿಕ್ ತಣ್ಣೀರಿಗೆ ಸೀಳುವುದುಂಟು, ಅದು ನಿಜ. ಆದರೆ ದಿನನಿತ್ಯ ಕಾಡೋದು ಕಪ್ಲರ್ ಕುಡಿದ ನೀರು.

ಲಕ್ಷಣ ಹಿಡಿದು ಜಾಗ ಹುಡುಕಿ

ಪೆಟ್ರೋಲ್ ಇಂಜಿನ್ನಿಗೆ ಬೇಕಾದ್ದು ಗಾಳಿ, ಇಂಧನ, ಕಿಡಿ. ಇವನ್ನ ಅಳೆದು ನಡೆಸೋಕೆ ಸೆನ್ಸಾರು ಮತ್ತು ಇಸಿಎಂ. ತೊಳೆದ ಮೇಲೆ ಯಾವುದು ತಪ್ಪಿತು ಅನ್ನೋದನ್ನ ಲಕ್ಷಣವೇ ಹೇಳುತ್ತೆ.

ಕೀ ತಿರುಗಿಸಿದರೆ ಏನೂ ಇಲ್ಲ, ಅಥವಾ ಬರೀ "ಟಕ್ ಟಕ್": ಬ್ಯಾಟರಿ ಟರ್ಮಿನಲ್, ಸ್ಟಾರ್ಟರ್ ವೈರು, ಫ್ಯೂಸ್ ಬಾಕ್ಸ್ ನೋಡಿ. ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಹನಿ ಕಂಡರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿದ ಮೇಲೇ ರಿಲೇ ಎತ್ತಿ ಒರೆಸಿ. ಒದ್ದೆ ಬಾಕ್ಸಿನಲ್ಲಿ ಕರೆಂಟ್ ಇರುವಾಗ ಕೈ ಹಾಕಬೇಡಿ.

ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಆದರೆ ಹಿಡಿಯಲ್ಲ: ಫ್ಯುಯೆಲ್ ಪಂಪ್ ರಿಲೇ ಅಥವಾ ಕ್ರ್ಯಾಂಕ್ ಸೆನ್ಸಾರ್ ಕಪ್ಲರ್. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ "ಗುಂಯ್" ಅನ್ನೋ ಪಂಪಿನ ಸದ್ದು ಬಹಳ ಗಾಡಿಗಳಲ್ಲಿ ಕೇಳುತ್ತೆ. ಅದು ಬಂದರೆ ಪಂಪ್ ಓಡುತ್ತಿದೆ, ಹುಡುಕಾಟ ಕಿಡಿ ಮತ್ತು ಸೆನ್ಸಾರಿನ ಕಡೆ ತಿರುಗಲಿ. ತುಂಬಾ ಸೆಲ್ಫ್ ಹೊಡೆದು ಪ್ಲಗ್ ನೆನೆದಿದ್ದರೆ ಎಕ್ಸಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಇಂಜೆಕ್ಷನ್ ಇರುವ ಬಹಳಷ್ಟು ಕಾರುಗಳಲ್ಲಿ ಆಗ ಪೆಟ್ರೋಲ್ ನಿಲ್ಲುತ್ತೆ, ಗಾಳಿ ಹೋಗಿ ಸಿಲಿಂಡರ್ ಒಣಗುತ್ತೆ.

ಸ್ಟಾರ್ಟ್ ಆಗುತ್ತೆ, ಒಂದೇ ತಾಳದಲ್ಲಿ ನಡುಗುತ್ತೆ: ಒಂದು ಸಿಲಿಂಡರ್ ಕೆಲಸ ಮಾಡ್ತಿಲ್ಲ. ಪ್ಲಗ್ ಗುಂಡಿಯಲ್ಲಿ ನೀರು ಅಥವಾ ಕಾಯಿಲ್ ಕಪ್ಲರ್. ಸಾಮಾನ್ಯವಾಗಿ ಸಿಗೋದು ಇದೇ.

ಐಡಲ್ ಏರಿಳಿಯುತ್ತೆ, ಎಳೆಯಲ್ಲ: ಏರ್ ಫಿಲ್ಟರ್ ತೆಗೆದು ನೋಡಿ. ಕಾಗದದ ಫಿಲ್ಟರ್ ನೆನೆದರೆ ಒದ್ದೆ ಬಟ್ಟೆಯಲ್ಲಿ ಮೂಗು ಮುಚ್ಚಿದ ಹಾಗೆ. ನಂತರ ಥ್ರಾಟಲ್, ಏರ್ ಫ್ಲೋ ಅಥವಾ ಮ್ಯಾಪ್ ಸೆನ್ಸಾರಿನ ಕಪ್ಲರ್.

ಕಿರ್ರ್ ಅಂತ ಸದ್ದು: ಒದ್ದೆ ಬೆಲ್ಟ್. ಒಂದೆರಡು ನಿಮಿಷದಲ್ಲಿ ನಿಲ್ಲಬೇಕು. ನಿಲ್ಲದೆ ಬ್ಯಾಟರಿ ಲೈಟೂ ಉರಿದರೆ ಮಲ್ಟಿಮೀಟರ್ ಹಿಡಿದು ಬ್ಯಾಟರಿ ಮೇಲೆ ಅಳೆಯಿರಿ. ಇಂಜಿನ್ ಓಡುವಾಗ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್ ಕಡೆ ನೋಡಿ.

ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಹಾಗಾಗಿ ಈ ಗುಂಡಿ ನೀರಿನ ಕಾಟ ಇಲ್ಲ. ಅಲ್ಲಿ ಏರ್ ಫಿಲ್ಟರ್, ಇಂಜೆಕ್ಟರ್ ಮತ್ತು ಸೆನ್ಸಾರ್ ಕಪ್ಲರ್, ಗ್ಲೋ ಪ್ಲಗ್ ರಿಲೇ ನೋಡಬೇಕು. ಓಡುವ ಇಂಜಿನ್ನಿನ ಇಂಜೆಕ್ಟರ್ ಕಪ್ಲರ್ ಎಳೆದು ಪರೀಕ್ಷೆ ಮಾಡುವ ಧೈರ್ಯ ಬೇಡ. ಪೆಟ್ರೋಲ್ ಗಾಡಿಯ ಕಾಯಿಲ್ಲನ್ನೂ ಹಾಗೇ ಎಳೀಬೇಡಿ, 20 ಸಾವಿರ ವೋಲ್ಟು ನಿಮ್ಮ ಕೈಯಲ್ಲಿ ದಾರಿ ಹುಡುಕುತ್ತೆ.

ಗುಂಡಿ ಒಣಗಿಸುವ ಕ್ರಮ, ಕಾಯಿಲ್ ಅದಲು ಬದಲು

ಇಂಜಿನ್ ಆಫ್, ಕೀ ಹೊರಗೆ, ಮುಟ್ಟುವಷ್ಟು ಆರಿರಲಿ. ಕಾಯಿಲ್ ಕಪ್ಲರಿನ ಲಾಕ್ ಒತ್ತಿ ಬಿಡಿಸಿ, ಬೋಲ್ಟ್ ತೆಗೆದು, ಕಾಯಿಲ್ಲನ್ನ ಸ್ವಲ್ಪ ತಿರುಗಿಸುತ್ತಾ ನೇರ ಮೇಲೆತ್ತಿ. ಯಾವುದು ಎಲ್ಲಿಯದು ಅಂತ ಮಾರ್ಕ್ ಮಾಡಿ. ಟಾರ್ಚ್ ಬಿಟ್ಟು ಗುಂಡಿ ನೋಡಿ. ನೀರಿದ್ದರೆ ಪ್ಲಗ್ ಬಿಚ್ಚಲೇಬಾರದು, ಬಿಚ್ಚಿದರೆ ಅಷ್ಟೂ ನೀರು ಸಿಲಿಂಡರಿಗೆ ಇಳಿಯುತ್ತೆ. ಸಿರಿಂಜ್‌ಗೆ ಸಣ್ಣ ಟ್ಯೂಬ್ ಸಿಕ್ಕಿಸಿ ಎಳೆಯಿರಿ, ಆಮೇಲೆ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಒರೆಸಿ. ಪಂಚರ್ ಅಂಗಡಿಯಲ್ಲಿ ಏರ್ ಹೊಡೆಸಬಹುದು, ಆದರೆ ಅವರ ಟ್ಯಾಂಕಿನ ಗಾಳಿಯಲ್ಲೂ ನೀರಿರುತ್ತೆ. ಮೊದಲು ನೆಲಕ್ಕೆ ಬಿಟ್ಟು ನೋಡಿ, ಕಣ್ಣಿಗೆ ಅಡ್ಡ ಏನಾದರೂ ಇರಲಿ.

ಒಣಗಿಸಿ ಹಾಕಿದ ಮೇಲೂ ಮಿಸ್ಸಿಂಗ್ ಉಳಿದರೆ ಸ್ಕ್ಯಾನರ್ ಹಾಕಿ. ಕೆಲವು ನೂರು ರೂಪಾಯಿಗೆ ಸಿಗುವ ಬ್ಲೂಟೂತ್ ಅಡಾಪ್ಟರ್ ಸ್ಟಿಯರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿದರೆ ಮೊಬೈಲಿನಲ್ಲೇ ಕೋಡ್ ಕಾಣುತ್ತೆ. ಪಿ0300 ಅಂದರೆ ಮಿಸ್‌ಫೈರ್ ಇದೆ, ಯಾವ ಸಿಲಿಂಡರ್ ಅಂತ ಖಚಿತವಿಲ್ಲ. ಪಿ0301ರಿಂದ ಪಿ0304ರವರೆಗೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್.

ಪಿ0303 ಬಂತು ಅನ್ನಿ. ಮೂರನೇ ಕಾಯಿಲ್ಲನ್ನ ಎರಡನೇದಕ್ಕೆ, ಎರಡನೇದನ್ನ ಮೂರಕ್ಕೆ ಹಾಕಿ. ಕೋಡ್ ಅಳಿಸಿ ಮತ್ತೆ ಸ್ಟಾರ್ಟ್ ಮಾಡಿ. ಈಗ ಪಿ0302 ಬಂದರೆ ತೊಂದರೆ ಕಾಯಿಲ್ ಜೊತೆ ನಡೆದು ಹೋಯಿತು, ಅಂದರೆ ಕಾಯಿಲ್ಲೇ ಕೆಟ್ಟಿದೆ. ಪಿ0303 ಅಲ್ಲೇ ಉಳಿದರೆ ಕಾಯಿಲ್ ನಿರಪರಾಧಿ, ಪ್ಲಗ್ಗು, ಕಪ್ಲರ್ರು, ವೈರು, ಇಂಜೆಕ್ಟರ್ ನೋಡಿ. ಲ್ಯಾಬಲ್ಲಿ ಒಂದು ಸಲಕ್ಕೆ ಒಂದೇ ವೇರಿಯಬಲ್ ಬದಲಾಯಿಸಿ ಅಂತ ಹೇಳಿಕೊಡ್ತಾರಲ್ಲ, ಅದೇ ಇದು. ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಒಟ್ಟಿಗೆ ಬದಲಾಯಿಸಿದರೆ ಗಾಡಿ ಸರಿಹೋಗಬಹುದು, ಯಾವುದು ಕೆಟ್ಟಿತ್ತು ಅಂತ ಮಾತ್ರ ಯಾರಿಗೂ ಗೊತ್ತಾಗಲ್ಲ.

ಇಸಿಎಂ ಹೋಗಿದೆ ಅಂತ ಯಾರಾದರೂ ಅಂದರೆ ಗೌರವದಿಂದಲೇ ಎರಡು ಪ್ರಶ್ನೆ ಕೇಳಿ: "ಯಾವ ಕೋಡ್ ಬಂತು ಅಣ್ಣ? ಕಾಯಿಲ್ ಎತ್ತಿ ಗುಂಡಿ ನೋಡಿದ್ರಾ?" ಇಸಿಎಂ ನೀರಿಗೆ ಕೆಡೋದೇ ಇಲ್ಲ ಅಂತಲ್ಲ. ಆದರೆ ಅದು ಹುಡುಕಾಟದ ಕೊನೆಯ ಸಾಲು, ಮೊದಲನೇದಲ್ಲ.

ಒಂದು ಸ್ಥಿತಿಯಲ್ಲಿ ಮಾತ್ರ ಏನನ್ನೂ ಪ್ರಯತ್ನಿಸಬಾರದು. ಸೆಲ್ಫ್ ಹೊಡೆದಾಗ ಇಂಜಿನ್ "ಧಡ್" ಅಂತ ಗಟ್ಟಿಯಾಗಿ ನಿಂತರೆ ಸಿಲಿಂಡರಿನೊಳಗೆ ನೀರು ಹೋಗಿರಬಹುದು. 1200 ಸಿಸಿ, ನಾಲ್ಕು ಸಿಲಿಂಡರ್, 10:1 ಕಂಪ್ರೆಷನ್ ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯೋ ಜಾಗ ಬರೀ 33 ಸಿಸಿ. 1500 ಸಿಸಿ ಡೀಸೆಲ್, 16:1 ಆದರೆ 25 ಸಿಸಿ. ಚಿಕ್ಕ ಟೀ ಲೋಟದ ಅರ್ಧವೂ ಅಲ್ಲ. ನೀರು ಕುಗ್ಗಲ್ಲ, ಬದಲಿಗೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ತೊಳೆಯುವಾಗ ಇಷ್ಟು ನೀರು ಒಳಗೆ ಹೋಗೋದು ಅಪರೂಪ, ಏರ್ ಪೈಪ್ ಬಾಯಿಗೇ ಗನ್ ಹಿಡಿದರೆ ಉಂಟು. ಮಳೆಯಲ್ಲಿ ತುಂಬಿದ ರೈಲ್ವೆ ಅಂಡರ್‌ಪಾಸ್ ದಾಟಲು ಹೋದಾಗ ಸಾಮಾನ್ಯ. ಅಂಥ ಗಾಡಿಯನ್ನ ಎಳೆದುಕೊಂಡೇ ಹೋಗಬೇಕು.

ಒಂದು ಕಪ್ಲರ್, ಎರಡು ತದ್ವಿರುದ್ಧ ರೋಗ

ತೊಳೆದ ದಿನ ಎಲ್ಲ ಸರಿ ಇತ್ತು, ಎರಡು ತಿಂಗಳಲ್ಲಿ ಮೈಲೇಜ್ ಬಿತ್ತು ಅನ್ನೋ ಗಾಡಿಗಳಿವೆ. ಕೂಲಂಟ್ ಟೆಂಪರೇಚರ್ ಸೆನ್ಸಾರನ್ನೇ ತೆಗೆದುಕೊಳ್ಳಿ. ಬಿಸಿ ಏರಿದಂತೆ ಇದರ ರೆಸಿಸ್ಟೆನ್ಸ್ ಇಳಿಯುತ್ತೆ. ಸಾಮಾನ್ಯ ಮಾದರಿಯೊಂದರಲ್ಲಿ 20 ಡಿಗ್ರಿಗೆ ಸುಮಾರು 2500 ಓಮ್, 60 ಡಿಗ್ರಿಗೆ ಸುಮಾರು 600, 90 ಡಿಗ್ರಿಗೆ ಸುಮಾರು 240.

ಮೊದಲ ದಿನ ಕಪ್ಲರ್ ತುಂಬ ಗಡಸು ನೀರು. ಎರಡು ಪಿನ್ನಿನ ನಡುವೆ 3 ಮಿಲಿಮೀಟರ್ ಅಂತರ, 5 ಮಿಲಿಮೀಟರ್ ಚದರದ ನೀರು ಅನ್ನಿ, ಮೇಲಿನ ಲೆಕ್ಕದ ಪ್ರಕಾರವೇ ಸುಮಾರು 800 ಓಮ್. ಇದು ಸೆನ್ಸಾರಿನ 2500ಕ್ಕೆ ಪ್ಯಾರಲಲ್ ಆಗಿ ಕೂತರೆ ಒಟ್ಟು 600ರ ಹತ್ತಿರ. ತಣ್ಣಗಿರುವ ಇಂಜಿನ್ನನ್ನ ಇಸಿಎಂ 60 ಡಿಗ್ರಿ ಬಿಸಿ ಅಂತ ತಿಳಿದು ಪೆಟ್ರೋಲ್ ಕಡಿಮೆ ಕೊಡುತ್ತೆ. ಬೆಳಗ್ಗೆ ಸ್ಟಾರ್ಟ್ ಆಗೋದು ಕಷ್ಟ.

ನೀರು ಒಣಗಿತು, ಲವಣ ಉಳಿಯಿತು, ಪಿನ್ ಹಸಿರುಗಟ್ಟಿತು. ಈಗ ರೆಸಿಸ್ಟೆನ್ಸ್ ಸೀರೀಸ್‌ನಲ್ಲಿ ಕೂಡುತ್ತೆ. 90 ಡಿಗ್ರಿಯ 240ಕ್ಕೆ ತುಕ್ಕಿನ 360 ಸೇರಿದರೆ 600. ಬಿಸಿ ಇಂಜಿನ್ನನ್ನ ಇಸಿಎಂ 60 ಡಿಗ್ರಿ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತೆ. ಮೈಲೇಜ್ ಬೀಳುತ್ತೆ. ಇದೇ ಸೆನ್ಸಾರ್ ನೋಡಿ ಫ್ಯಾನ್ ಹಾಕುವ ಗಾಡಿಯಾದರೆ ಫ್ಯಾನ್ ತಡವಾಗಿ ಬರುತ್ತೆ, ಇಂಜಿನ್ ಕಾಯುತ್ತೆ. ಅದು ಹೆಡ್ ಗ್ಯಾಸ್ಕೆಟ್ಟಿನ ತನಕ ಹೋಗುವ ದಾರಿ. ತೊಳೆದ ಒಂದು ವಾರದ ಮೇಲೆ ಒಂದು ಸಲ ಕಪ್ಲರ್‌ಗಳನ್ನ ಬಿಚ್ಚಿ, ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಹಾಕೋದು ಹತ್ತು ನಿಮಿಷದ ಕೆಲಸ. ಇಲಿ ಕಚ್ಚಿದ ವೈರ್ ಇದ್ದರೂ ಆಗಲೇ ಕಣ್ಣಿಗೆ ಬೀಳುತ್ತೆ.

ಮುಂದಿನ ಪೂಜೆಗೆ

ಇಂಜಿನ್ ತೊಳೆಯಲೇಬಾರದು ಅಂತ ಹೇಳ್ತಿಲ್ಲ. ಧೂಳು, ಆಯಿಲ್ ಸೇರಿದ ಪೊರೆ ಇದ್ದರೆ ಲೀಕೇಜ್ ಕಾಣಲ್ಲ, ಬಿಸಿಯೂ ಸರಿಯಾಗಿ ಬಿಡಲ್ಲ. ಕ್ರಮ ಇಷ್ಟೇ. ಇಂಜಿನ್ ಪೂರ್ತಿ ಆರಲಿ. ಮೊದಲು ಒಣ ಬ್ರಶ್‌ನಲ್ಲಿ ಧೂಳು ಇಳಿಸಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಇಸಿಎಂ, ಕಾಯಿಲ್, ಏರ್ ಪೈಪ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಕಡೆ ನೀರು ಬೇಡ, ಆ ಆಯಿಲ್ ನೀರನ್ನ ಹೀರಿಕೊಳ್ಳುತ್ತೆ. ಗನ್ ಬದಲು ಒದ್ದೆ ಬಟ್ಟೆ, ಹಳೇ ಟೂತ್‌ಬ್ರಶ್ ಸಾಕು. ಕೊನೆಯ ಒರೆಸುವಿಕೆಗೆ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಬಳಸಿ. ಆರ್‌ಒ ಯಂತ್ರ ಹೊರಗೆ ಬಿಡುವ ವೇಸ್ಟ್ ನೀರು ಮಾತ್ರ ಬೇಡ, ಬೋರ್ ನೀರಿನ ಲವಣ ಅದರಲ್ಲಿ ಇನ್ನೂ ಗಟ್ಟಿಯಾಗಿರುತ್ತೆ. ಮಿಂಚಲಿ ಅಂತ ಡೀಸೆಲ್, ಸೀಮೆಎಣ್ಣೆ ಸ್ಪ್ರೇ ಮಾಡಿಸಬೇಡಿ. ರಬ್ಬರ್ ಊದುತ್ತೆ, ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಬೆಂಕಿ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ವೈರ್ ಕಂಡರೆ ಕೈ ಹಿಂದಕ್ಕೆ.

ನಮ್ಮ ಹಾಸ್ಟೆಲ್ ಬೈಕುಗಳಿಗೂ ಇದೇ ಮಾತು. ತೊಳೆದ ಮೇಲೆ ಸ್ಟಾರ್ಟ್ ಆಗದಿದ್ದರೆ ಮೊದಲು ಪ್ಲಗ್ ಕ್ಯಾಪ್ ಎಳೆದು ಒಳಗೆ ಒರೆಸಿ, ಆಮೇಲೆ ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಿ.

ಮುಖ್ಯವಾಗಿ, ಪೂಜೆಯ ಹಿಂದಿನ ಸಂಜೆ ತೊಳೆಸಬೇಡಿ. ಮೂರು ದಿನ ಮುಂಚೆ ತೊಳೆಯಿರಿ. ಒಣಗೋಕೆ ಸಮಯ ಇದ್ದರೆ ಅವಸರಕ್ಕೆ ಕಾರಣ ಇರಲ್ಲ. ಈ ಸಲ ಚಿಕ್ಕಪ್ಪ ಮನೆ ಮುಂದೆಯೇ ಬಾನೆಟ್ ಎತ್ತಿ, ಒಂದು ಬಕೆಟ್ ನೀರು, ಹಳೇ ಪಂಚೆ ತುಂಡು ಇಟ್ಟುಕೊಂಡು ಕೂತಿದ್ದರು. ಕಾಯಿಲ್‌ಗಳ ಮೇಲೆ ಹಾಲಿನ ಕವರ್ ಕಟ್ಟಿದ್ದರು. "ಏನೋ ಇಂಜಿನಿಯರು, ಸರಿಯಾಗಿದೆಯಾ?" ಅಂದರು. ಇನ್ನೊಂದು ಕವರ್ ತಂದು ಆಲ್ಟರ್ನೇಟರಿಗೂ ಕಟ್ಟಿದೆ. ಪೂಜೆ ದಿನ ಬೆಳಗ್ಗೆ ಗಾಡಿ ಒಂದೇ ಸೆಲ್ಫಿಗೆ ಹಿಡಿಯಿತು, ನಾಲ್ಕು ನಿಂಬೆಹಣ್ಣನ್ನೂ ನಡುಗದೆ ದಾಟಿತು.